ನೋಡುತ್ತ ನಿಂತವರಿಗೆ ಎರಡು ಶನಿವಾರ: ಕಲಬುರಗಿಯಲ್ಲಿ ನಡೆದ ಒಂದು ತರಬೇತಿಯ ಬಗ್ಗೆ

ಎರಡು ಶನಿವಾರ, ಮಧ್ಯಾಹ್ನ ಎರಡರಿಂದ ಐದೂವರೆಯವರೆಗೆ, ತಲೆಗೆ 600 ರೂಪಾಯಿ. ಸೇಡಂ ರಸ್ತೆಯ ಒಂದು ಬಾಡಿಗೆ ಸಭಾಂಗಣ, ಏಪ್ರಿಲ್ ತಿಂಗಳ ಬಿಸಿಲು, ಗೋಡೆಯ ಬದಿಗೆ ಸದ್ದು ಮಾಡುವ ಎರಡು ಏರ್ ಕೂಲರ್. ಆಸ್ಪತ್ರೆಯಲ್ಲಿ ಯಾರಾದರೂ ಇನ್ನೊಬ್ಬರನ್ನು ಬಣ್ಣ, ಕುಲ, ಮುಖ, ಭಾಷೆ ಹಿಡಿದು ಹೀಯಾಳಿಸಿದಾಗ ಪಕ್ಕದಲ್ಲಿ ನಿಂತವರು ಏನು ಮಾಡಬೇಕು ಎಂಬುದು ವಿಷಯ. ನಗರದ ನಾಲ್ಕಾರು ಆಸ್ಪತ್ರೆಗಳಿಂದ ಇಪ್ಪತ್ತಾರು ಮಂದಿ ಬಂದಿದ್ದೆವು. ನರ್ಸ್‌ಗಳೇ ಹೆಚ್ಚು, ಇಬ್ಬರು ಲ್ಯಾಬ್ ಟೆಕ್ನಿಷಿಯನ್‌ಗಳು, ಒಬ್ಬ ಫಾರ್ಮಸಿಸ್ಟ್, ಒಬ್ಬರೇ ಒಬ್ಬರು ಡಾಕ್ಟರ್. ತರಬೇತಿ ಕೊಟ್ಟ ಸಂಸ್ಥೆ ಬೆಂಗಳೂರಿನದು. ಹೊಗಳಿಕೆಯ ಜೊತೆಗೆ ದೂರುಗಳೂ ಇರುವುದರಿಂದ ಹೆಸರು ಬರೆಯುವುದಿಲ್ಲ. ಆ ದೂರುಗಳನ್ನು ಅವರ ಮುಂದೆಯೇ ಹೇಳಿ ಬಂದಿದ್ದೇನೆ. ಇಂಥ ತರಬೇತಿ ನಿಮ್ಮ ಆಸ್ಪತ್ರೆಗೂ ಬರಬಹುದು. ಬಂದರೆ ಅದರಲ್ಲಿ ಏನಿರುತ್ತದೆ, ಏನನ್ನು ಹಟ ಹಿಡಿದು ಕೇಳಿ ಪಡೆಯಬೇಕು ಎಂಬುದು ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ.

ನಾನು ಇಪ್ಪತ್ತೊಂದು ವರ್ಷಗಳಿಂದ ಈ ಊರಿನಲ್ಲಿ ನರ್ಸ್. ನನ್ನ ಅಡ್ಡಹೆಸರು ಕೇಳಿದ ಕೂಡಲೇ ನಾನು ಯಾವ ಜಾತಿಯವಳೆಂದು ಇಲ್ಲಿಯವರಿಗೆ ತಿಳಿಯುತ್ತದೆ, ಅದರಿಂದ ನನಗೆ ಇದುವರೆಗೆ ತೊಂದರೆಯಾಗಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಬೈಗುಳ ತಿಂದವಳಾಗಿ ನಾನು ಆ ಸಭಾಂಗಣಕ್ಕೆ ಹೋಗಲಿಲ್ಲ, ಬೈಗುಳ ಕೇಳಿಯೂ ಸುಮ್ಮನಿದ್ದವಳಾಗಿ ಹೋದೆ.

ಕಳೆದ ನವೆಂಬರ್‌ನ ಒಂದು ರಾತ್ರಿ. ಕಮಲಾಪುರ ಕಡೆಯ ತಾಂಡಾದಿಂದ ಅರವತ್ತೈದರ ಆಸುಪಾಸಿನ ಒಬ್ಬ ಲಂಬಾಣಿ ಅಜ್ಜಿಯನ್ನು ತಂದು ಸೇರಿಸಿದ್ದರು. ವಾಂತಿ ಭೇದಿಯಿಂದ ಮೈಯಲ್ಲಿ ನೀರೇ ಉಳಿದಿರಲಿಲ್ಲ, ಡ್ರಿಪ್ ಹಾಕಬೇಕು, ನರ ಸಿಗುತ್ತಿಲ್ಲ. ತೋಳಿನ ತುಂಬ ಬಿಳಿಯ ಬಳೆಗಳು, ಮೊಣಕೈ ಮೇಲಿನವರೆಗೂ. ಕ್ಯಾನುಲಾ ಹಾಕುತ್ತಿದ್ದ ನಮ್ಮ ಬ್ರದರ್, ಅಂದರೆ ಗಂಡು ನರ್ಸ್, ಎರಡು ಸಲ ಚುಚ್ಚಿ ಸೋತು, ಸಿಟ್ಟಿನಿಂದ ಹೇಳಿದರು: “ಇವನ್ನೆಲ್ಲ ಕತ್ತರಿಸಿ ಬಿಸಾಕಿ. ತಾಂಡಾದವರಿಗೆ ಎಷ್ಟು ಹೇಳಿದರೂ ಅಷ್ಟೇ. ಸ್ನಾನ ಮಾಡಿ ಎಷ್ಟು ದಿನವಾಗಿದೆಯೋ.” ಅಜ್ಜಿಗೆ ಕನ್ನಡ ಬರುತ್ತಿತ್ತು. ಎಡಗೈಯಿಂದ ಬಲತೋಳಿನ ಬಳೆಗಳನ್ನು ಮುಚ್ಚಿಕೊಂಡಳು. ಬ್ರದರ್ ಪಕ್ಕದಲ್ಲಿ ಟ್ರೇ ಹಿಡಿದು ನಿಂತಿದ್ದವಳು ನಾನು. ಆ ಹೊತ್ತಿನಲ್ಲಿ ಟ್ರೇಯಲ್ಲಿದ್ದ ಸ್ಪಿರಿಟ್ ಹತ್ತಿಯ ಉಂಡೆಗಳನ್ನು ಎಣಿಸಿದೆ. ಏಳು ಇದ್ದವು. ಕೊನೆಗೆ ನರ ಸಿಕ್ಕಿದ್ದು ಅಂಗೈಯ ಹಿಂಬದಿಯಲ್ಲಿ. ಬಳೆಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಆಕೆ ಮೂರು ದಿನ ವಾರ್ಡಿನಲ್ಲಿದ್ದಳು. ನೀರು ಬೇಕಾದಾಗ ಬೇರೆ ಸಿಸ್ಟರನ್ನು ಕರೆಯುತ್ತಿದ್ದಳು, ನನ್ನನ್ನು ಕರೆಯಲಿಲ್ಲ.

ಜನವರಿಯಲ್ಲಿ ನೋಟಿಸ್ ಬೋರ್ಡಿನ ಮೇಲೆ ಈ ತರಬೇತಿಯ ಹಾಳೆ ಅಂಟಿಸಿದ ದಿನವೇ ಹೆಸರು ಬರೆಸಿದೆ.

ಮೊದಲ ದಿನದ ಬಗ್ಗೆ ನನ್ನ ಮೆಚ್ಚುಗೆ ಅರ್ಧ ಮಾತ್ರ. ತರಬೇತುದಾರರು ಇಬ್ಬರು: ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಒಂಬತ್ತು ವರ್ಷ ನರ್ಸ್ ಆಗಿದ್ದು ಮರಳಿ ಬಂದ ಮಹಿಳೆ, ಮತ್ತು ಸಮಾಜಕಾರ್ಯ ಓದಿದ ಒಬ್ಬ ಯುವಕ. ಪರದೆಯ ಮೇಲಿನದೆಲ್ಲ ಇಂಗ್ಲಿಷ್. ಇಬ್ಬರೂ ಚೆನ್ನಾಗಿ ಕನ್ನಡ ಮಾತನಾಡುತ್ತಾರೆ, ಆದರೆ ಮುಖ್ಯವಾದ ಮಾತು ಬಂದಾಗಲೆಲ್ಲ ಇಂಗ್ಲಿಷಿಗೆ ಜಾರುತ್ತಿದ್ದರು. ತರಬೇತಿಯ ಹೆಸರಿನಲ್ಲಿದ್ದ ‘ಬೈಸ್ಟ್ಯಾಂಡರ್’ ಎಂಬ ಪದವೇ ಒಂದು ಗೊಂದಲ ತಂದಿತು. ಕೇರಳದ ಆಸ್ಪತ್ರೆಗಳಲ್ಲಿ ರೋಗಿಯ ಜೊತೆ ಇರುವವರನ್ನು, ನಾವು ಅಟೆಂಡರ್ ಎನ್ನುತ್ತೇವಲ್ಲ ಅವರನ್ನು, ಬೈಸ್ಟ್ಯಾಂಡರ್ ಎಂದೇ ಕರೆಯುತ್ತಾರೆ. ನಮ್ಮ ಗುಂಪಿನಲ್ಲಿದ್ದ ಕೊಟ್ಟಾಯಂ ಕಡೆಯ ಸಿಸ್ಟರ್ ಅರ್ಧ ಗಂಟೆಯವರೆಗೂ ಇದು ರೋಗಿಯ ಮನೆಯವರನ್ನು ಸಂಭಾಳಿಸುವ ತರಬೇತಿ ಎಂದೇ ತಿಳಿದಿದ್ದರು. ‘ನೋಡುತ್ತ ನಿಂತವರು’ ಎಂದು ಕನ್ನಡದಲ್ಲಿ ಬರೆದಿದ್ದರೆ ಒಂದು ನಿಮಿಷದ ಕೆಲಸವಾಗಿತ್ತು.

ಆರಂಭಿಸಿದ್ದು 1964ರ ಮಾರ್ಚ್‌ನ ನ್ಯೂಯಾರ್ಕ್ ಘಟನೆಯಿಂದ. ಕಿಟ್ಟಿ ಜಿನೊವೀಸ್ ಎಂಬ ಯುವತಿಯನ್ನು ರಾತ್ರಿ ಮನೆಯ ಬಳಿ ಇರಿದು ಕೊಂದರು, 38 ಮಂದಿ ಕಿಟಕಿಯಿಂದ ನೋಡುತ್ತ ನಿಂತಿದ್ದರು, ಒಬ್ಬರೂ ಪೊಲೀಸರಿಗೆ ಫೋನ್ ಮಾಡಲಿಲ್ಲ ಎಂದು ಆ ಯುವಕ ಹೇಳಿದರು. ಇಡೀ ಸಭೆ ನಿಟ್ಟುಸಿರು ಬಿಟ್ಟಿತು. ಮನೆಗೆ ಬಂದು ಮಗಳ ಲ್ಯಾಪ್‌ಟಾಪಿನಲ್ಲಿ ಹುಡುಕಿ ಓದಿದೆ. 38 ಎಂಬ ಆ ಲೆಕ್ಕ ಸರಿಯಲ್ಲ. ಅದನ್ನು ಮೊದಲು ಅಚ್ಚು ಹಾಕಿದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯೇ 2016ರಲ್ಲಿ ತನ್ನ ವರದಿ ದೋಷಪೂರಿತವಾಗಿತ್ತು ಎಂದು ಒಪ್ಪಿಕೊಂಡಿದೆ. ಅದಕ್ಕಿಂತ ದೊಡ್ಡ ವಿಷಯವೆಂದರೆ, ನೆರೆಮನೆಯ ಒಬ್ಬ ಮಹಿಳೆ ಕೊಲೆಗಾರ ಇನ್ನೂ ಅಲ್ಲೇ ಇದ್ದಾನೋ ಏನೋ ಎಂಬುದನ್ನೂ ಲೆಕ್ಕಿಸದೆ ಕೆಳಗೆ ಓಡಿಬಂದು, ಸಾಯುತ್ತಿದ್ದವಳನ್ನು ತೋಳಿನಲ್ಲಿ ಹಿಡಿದುಕೊಂಡು ಕುಳಿತಿದ್ದರು. ನೋಡುತ್ತ ನಿಲ್ಲಬಾರದು ಎಂದು ಕಲಿಸುವ ತರಬೇತಿ ಓಡಿಬಂದ ಆ ಒಬ್ಬಳನ್ನೇ ಬಿಟ್ಟುಬಿಟ್ಟಿತ್ತು! ಮುಂದಿನ ಶನಿವಾರ ಇದನ್ನು ಎದ್ದು ನಿಂತು ಹೇಳಿದೆ. ಯುವಕ ಬರೆದುಕೊಂಡರು, ಧನ್ಯವಾದ ಹೇಳಿದರು. ಅದನ್ನೂ ದಾಖಲಿಸುತ್ತಿದ್ದೇನೆ.

ಆ ಘಟನೆಯಿಂದ ಹುಟ್ಟಿದ ಪ್ರಯೋಗ ಮಾತ್ರ ಗಟ್ಟಿಯಾದದ್ದು, ಅದನ್ನು ಅವರು ಚೆನ್ನಾಗಿ ವಿವರಿಸಿದರು. 1968ರಲ್ಲಿ ಡಾರ್ಲಿ ಮತ್ತು ಲತಾನೆ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳನ್ನು ಬೇರೆ ಬೇರೆ ಕೋಣೆಗಳಲ್ಲಿ ಕೂರಿಸಿ, ಮೈಕಿನ ಮೂಲಕ ಒಬ್ಬನಿಗೆ ಮೂರ್ಛೆ ಬಂದಂತೆ ಕೇಳಿಸಿದರು. ಕೇಳಿಸಿಕೊಂಡವನು ತಾನೊಬ್ಬನೇ ಎಂದು ತಿಳಿದವರಲ್ಲಿ ನೂರಕ್ಕೆ 85 ಮಂದಿ ಮೂರ್ಛೆ ಮುಗಿಯುವ ಮೊದಲೇ ಎದ್ದು ಸಹಾಯಕ್ಕೆ ಹೋದರು. ಇನ್ನೂ ನಾಲ್ವರು ಕೇಳುತ್ತಿದ್ದಾರೆ ಎಂದು ತಿಳಿದವರಲ್ಲಿ ಎದ್ದವರು 31 ಮಂದಿ ಮಾತ್ರ. ಅವರು ಸುಮ್ಮನೆ ಕುಳಿತದ್ದು ಹೃದಯ ಕಲ್ಲಾಗಿದ್ದರಿಂದ ಅಲ್ಲ, ಬೇರೆ ಯಾರಾದರೂ ಹೋಗಿರುತ್ತಾರೆ ಎಂದುಕೊಂಡರು. ನನಗೆ ನವೆಂಬರ್ ರಾತ್ರಿ ಕಣ್ಣ ಮುಂದೆ ಬಂತು. ಆ ಹೊತ್ತಿನಲ್ಲಿ ವಾರ್ಡಿನಲ್ಲಿ ಐವರು ಸಿಬ್ಬಂದಿ ಇದ್ದೆವು.

ಆಮೇಲೆ ಕೆನಡಾದ ಎರಡು ಪ್ರಕರಣಗಳು. 2008ರ ಸೆಪ್ಟೆಂಬರ್‌ನಲ್ಲಿ ವಿನಿಪೆಗ್ ನಗರದ ದೊಡ್ಡ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದಲ್ಲಿ ಬ್ರಯಾನ್ ಸಿಂಕ್ಲೇರ್ ಎಂಬ ಮೂಲನಿವಾಸಿ ಗಾಲಿಕುರ್ಚಿಯಲ್ಲಿ 34 ಗಂಟೆ ಕಾಯುತ್ತ ಕುಳಿತಲ್ಲೇ ತೀರಿಕೊಂಡರು. ಮೂತ್ರಕೋಶದ ಸೋಂಕು, ಗುಣವಾಗುವಂಥದು. ಕುಡಿದು ಅಮಲು ಇಳಿಸಿಕೊಳ್ಳಲು ಬಂದು ಕುಳಿತಿರಬೇಕು ಎಂದು ಸಿಬ್ಬಂದಿಯಲ್ಲಿ ಕೆಲವರು ತಿಳಿದಿದ್ದರು. ಇನ್ನೊಂದು 2020ರದು: ಕ್ಯುಬೆಕ್ ಪ್ರಾಂತ್ಯದ ಆಸ್ಪತ್ರೆಯಲ್ಲಿ ಏಳು ಮಕ್ಕಳ ತಾಯಿ, ಮೂಲನಿವಾಸಿಯೇ ಆದ ಜಾಯ್ಸ್ ಎಶಾಕ್ವಾನ್, ತನ್ನನ್ನು ನರ್ಸ್‌ಗಳು ಹೀಯಾಳಿಸುತ್ತಿದ್ದುದನ್ನು ಮೊಬೈಲಿನಲ್ಲಿ ನೇರಪ್ರಸಾರ ಮಾಡಿದರು, ಅದಾಗಿ ಹೆಚ್ಚು ಹೊತ್ತಾಗುವ ಮುನ್ನ ಸತ್ತರು. ಜನಾಂಗೀಯ ಪೂರ್ವಗ್ರಹವೂ ಆ ಸಾವಿಗೆ ಒಂದು ಕಾರಣವೆಂದು ತನಿಖಾಧಿಕಾರಿ ಬರೆದರು. ಈ ಭಾಗದಲ್ಲಿ ಕೋಣೆಯಲ್ಲಿ ಕೂಲರಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಆ ವಿಡಿಯೊದಲ್ಲಿ ದನಿ ಕೇಳಿಸುವವರೂ ನಮ್ಮ ಹಾಗೆ ಸಮವಸ್ತ್ರ ತೊಟ್ಟವರೇ.

ಬೆರಳಿಗೆ ಹಾಕುವ ಆಕ್ಸಿಮೀಟರ್ ಕುರಿತ ಮಾತನ್ನು ಹತ್ತೇ ನಿಮಿಷದಲ್ಲಿ ಮುಗಿಸಿದರು, ಇನ್ನಷ್ಟು ಹೊತ್ತು ಬೇಕಿತ್ತು. ಯಂತ್ರ 92ರಿಂದ 96 ತೋರಿಸುತ್ತಿರುವಾಗಲೂ ರಕ್ತದಲ್ಲಿ ಆಮ್ಲಜನಕ ನಿಜವಾಗಿ 88ಕ್ಕಿಂತ ಕೆಳಗಿರುವುದು ಬಿಳಿಯ ರೋಗಿಗಳಲ್ಲಿ ನೂರಕ್ಕೆ 3.6, ಕಪ್ಪು ರೋಗಿಗಳಲ್ಲಿ 11.7 ಎಂದು 2020ರ ಕೊನೆಯಲ್ಲಿ ಅಮೆರಿಕದ ಒಂದು ಅಧ್ಯಯನ ತೋರಿಸಿತು. ಹೊಲದ ಬಿಸಿಲಲ್ಲಿ ಬೆಂದ ಕಪ್ಪು ಬೆರಳುಗಳಿಗೆ ದಿನವೂ ಅದೇ ಕ್ಲಿಪ್ ಹಾಕುವವರು ನಾವು. ಭೇದ ಬರೀ ಬಾಯಲ್ಲಿ ಇರುವುದಿಲ್ಲ, ಸಲಕರಣೆಯಲ್ಲೂ ಇರುತ್ತದೆ ಎಂಬುದು ನನಗೆ ಅಂದು ಹೊಸ ಸಂಗತಿ.

ತರಬೇತಿಯ ತಿರುಳು ಐದು ದಾರಿಗಳು. ಅಮೆರಿಕದ ‘ರೈಟ್ ಟು ಬಿ’ ಎಂಬ ಸಂಸ್ಥೆ, ಮೊದಲು ‘ಹಾಲಾಬ್ಯಾಕ್’ ಎಂಬ ಹೆಸರಿನದು, ಇವುಗಳನ್ನು ಹೇಳಿಕೊಡುತ್ತ ಬಂದಿದೆ. ಇಂಗ್ಲಿಷಿನಲ್ಲಿ ಐದೂ ‘ಡಿ’ ಅಕ್ಷರದಿಂದ ಶುರುವಾಗುತ್ತವೆ. ನಮ್ಮ ಹೆಡ್ ಸಿಸ್ಟರ್ ಬಿಡುವಿನ ವೇಳೆಯಲ್ಲಿ ಚಹಾ ಕುಡಿಯುತ್ತ ಅವನ್ನು ಕನ್ನಡಕ್ಕೆ ತಂದು, ಹಿಂದಿನ ಬಿಳಿ ಹಲಗೆಯ ಮೇಲೆ ಬರೆದುಬಿಟ್ಟರು: ಮಾತು ತಿರುಗಿಸು, ಇನ್ನೊಬ್ಬರನ್ನು ಕರೆ, ಬರೆದಿಡು, ಆಮೇಲೆ ಹೋಗಿ ಮಾತನಾಡಿಸು, ನೇರವಾಗಿ ಹೇಳು. ಆ ಹಲಗೆ ಬಂದ ಮೇಲೆ ಪರದೆಯ ಕಡೆ ಯಾರೂ ನೋಡಲಿಲ್ಲ.

ಇವುಗಳಲ್ಲಿ ನನಗೆ ಹೆಚ್ಚು ದಕ್ಕಿದ್ದು ನಾಲ್ಕನೆಯದು. ಆ ಕ್ಷಣದಲ್ಲಿ ಬಾಯಿ ಬರಲಿಲ್ಲ ಎನ್ನಿ. ಅಲ್ಲಿಗೆ ಎಲ್ಲ ಮುಗಿಯಿತೆಂದು ನಾನು ಇಷ್ಟು ವರ್ಷ ತಿಳಿದಿದ್ದೆ. ಮುಗಿದಿರುವುದಿಲ್ಲ. ಅರ್ಧ ಗಂಟೆಯ ಮೇಲೆ, ಮರುದಿನ, ಹೋಗಿ “ಅವರು ಹಾಗೆ ಅಂದದ್ದು ನನಗೂ ಕೇಳಿಸಿತು, ಅದು ತಪ್ಪು, ನಿಮಗೆ ಏನಾದರೂ ಬೇಕೇ?” ಎಂದು ಕೇಳಬಹುದು. ಅಜ್ಜಿ ಮೂರು ದಿನ ನಮ್ಮ ವಾರ್ಡಿನಲ್ಲಿದ್ದಳು. ಪಕ್ಕದ ಸ್ಟೂಲಿನ ಮೇಲೆ ಕುಳಿತು “ಯಾಡೀ (ಲಂಬಾಣಿಯಲ್ಲಿ ಅಮ್ಮ), ಬಳೆ ಯಾರೂ ಮುಟ್ಟುವುದಿಲ್ಲ” ಎಂದು ಹೇಳಲು ನನಗೆ ಮೂರು ದಿನ ಸಮಯವಿತ್ತು.

ಬರೆದಿಡುವುದರ ಬಗ್ಗೆ ತರಬೇತುದಾರರು ಕೊಟ್ಟ ಎಚ್ಚರಿಕೆ ಬಹಳ ಸರಿಯಾದದ್ದು. ವಿಡಿಯೊ ಮಾಡಿ ಎಲ್ಲೆಂದರಲ್ಲಿ ಹಾಕಬೇಡಿ. ನೋವಾದವರಿಗೆ ಒಪ್ಪಿಸಿ, ಏನು ಮಾಡಬೇಕೆಂದು ಅವರೇ ತೀರ್ಮಾನಿಸಲಿ. ವಾರ್ಡಿನಲ್ಲಂತೂ ಮೊಬೈಲ್ ಎತ್ತಿದರೆ ಪಕ್ಕದ ನಾಲ್ಕು ಹಾಸಿಗೆಯವರ ಮಾನವೂ ಅದರೊಳಗೆ ಬರುತ್ತದೆ. ದಿನಾಂಕ, ಗಂಟೆ, ಹಾಸಿಗೆ ಸಂಖ್ಯೆ, ಯಾರು ಇದ್ದರು, ಆಡಿದ ಮಾತು ಆಡಿದ ಹಾಗೆಯೇ. ಒಂದು ನೋಟ್‌ಬುಕ್ ಸಾಕು.

ಇನ್ನು ಅಭಿನಯದ ಭಾಗ. ಮೊದಲ ದಿನದ ದೊಡ್ಡ ತಪ್ಪು ನಡೆದದ್ದು ಇಲ್ಲೇ. ನಮ್ಮ ಗುಂಪಿನಲ್ಲಿ ಮಣಿಪುರದ ಒಬ್ಬ ಸಿಸ್ಟರ್ ಇದ್ದರು, ಈ ಊರಿಗೆ ಬಂದು ಎರಡು ವರ್ಷ. ರೋಗಿಯ ಮಗ “ಈ ಚೀನಾದವಳು ಬೇಡ, ನಮ್ಮವರನ್ನು ಕಳಿಸಿ” ಎಂದು ಇಂಜೆಕ್ಷನ್ ನಿರಾಕರಿಸುವ ಸನ್ನಿವೇಶ ಕೊಟ್ಟು, ನರ್ಸ್‌ನ ಪಾತ್ರಕ್ಕೆ ಆ ಸಿಸ್ಟರನ್ನೇ ಕರೆದರು. ಅವರು ಎದ್ದರು. ಕುರ್ಚಿಯ ಬೆನ್ನನ್ನು ಹಿಡಿದು ನಿಂತರು, ಮುಂದೆ ಹೆಜ್ಜೆ ಇಡಲಿಲ್ಲ. ಮುಖದಲ್ಲಿ ನಗುವಿತ್ತು, ಬೆರಳಿನ ಗೆಣ್ಣುಗಳು ಮಾತ್ರ ಬೆಳ್ಳಗಾಗಿದ್ದವು. ದಿನವೂ ಬೀದಿಯಲ್ಲಿ ಕೇಳುವುದನ್ನು ಇಪ್ಪತ್ತೈದು ಜನರ ಎದುರು ಮತ್ತೊಮ್ಮೆ ಕೇಳಬೇಕಿತ್ತು ಅವರು. ನಾನು ಎದ್ದೆ. “ಅವರು ಬೇಡ. ಆ ಪಾತ್ರ ನಾನು ಮಾಡುತ್ತೇನೆ” ಎಂದೆ. ಗಂಟಲು ಒಣಗಿತ್ತು, ದನಿ ನನ್ನದಲ್ಲ ಎನ್ನಿಸಿತು. ಇಪ್ಪತ್ತೊಂದು ವರ್ಷಗಳಲ್ಲಿ ಇಂಥ ವಿಷಯಕ್ಕೆ ನಾನು ಬಾಯಿ ತೆರೆದದ್ದು ಅದೇ ಮೊದಲು.

ತರಬೇತುದಾರ್ತಿ ಆ ಕೂಡಲೇ ನಿಲ್ಲಿಸಿ, ಮಣಿಪುರದ ಸಿಸ್ಟರ್ ಬಳಿ ಹೋಗಿ ಎಲ್ಲರೆದುರು ಕ್ಷಮೆ ಕೇಳಿದರು. ತಪ್ಪು ಮಾಡುವ ತರಬೇತಿಗಳು ಬೇಕಾದಷ್ಟಿವೆ, ತಿದ್ದಿಕೊಳ್ಳುವವು ಅಪರೂಪ. ನೀವು ಹೋದಾಗ ಇದನ್ನು ಮೊದಲೇ ಕೇಳಿ: ನೋವುಂಡವರನ್ನೇ ಮತ್ತೆ ನೋವಿನ ಪಾತ್ರಕ್ಕೆ ನಿಲ್ಲಿಸುತ್ತೀರಾ?

ಆಮೇಲೆ ಆ ಸ್ಥಾನದಲ್ಲಿ ನಾನು ನಿಂತೆ. ಒಬ್ಬ ಲ್ಯಾಬ್ ಟೆಕ್ನಿಷಿಯನ್ ರೋಗಿಯ ಮಗನಾಗಿ “ಇವಳ ಕೈಯಿಂದ ಬೇಡ” ಎಂದರು. ನಾಟಕವೆಂದು ಗೊತ್ತಿದ್ದರೂ ಮುಖಕ್ಕೆ ಬಿಸಿ ಏರಿತು. ಪಕ್ಕದಲ್ಲಿ ನಿಂತವರಾಗಿ ಫಾರ್ಮಸಿಸ್ಟ್ ಇದ್ದರು, ಮಾತನಾಡಬೇಕಾದವರು ಅವರು. ಮಾತು ಹೊರಡಲಿಲ್ಲ. ತರಬೇತುದಾರ್ತಿ ಗಡಿಯಾರ ನೋಡಿ ಆಮೇಲೆ ಹೇಳಿದರು: ಹನ್ನೆರಡು ಸೆಕೆಂಡ್. ಆ ಸ್ಥಾನದಲ್ಲಿ ನಿಂತು ಹನ್ನೆರಡು ಸೆಕೆಂಡ್ ಎಷ್ಟು ಉದ್ದ ಎಂಬುದನ್ನು ಅನುಭವಿಸಿಯೇ ತಿಳಿಯಬೇಕು. ಬೈದವನ ಮಾತಿಗಿಂತ ಪಕ್ಕದವರು ನೆಲ ನೋಡುತ್ತಿದ್ದುದು ನನ್ನನ್ನು ಹೆಚ್ಚು ಕುಗ್ಗಿಸಿತು.

ಆಗ ಎಲ್ಲರೂ ಸೇರಿ ವಾಕ್ಯ ಕಟ್ಟಲು ಕುಳಿತೆವು. ಪರದೆಯ ಮೇಲಿದ್ದ ಮಾದರಿ ವಾಕ್ಯಗಳು ಉದ್ದುದ್ದ, ನಯವಾದವು, ನಮ್ಮ ಬಾಯಿಗೆ ಹೊಂದುವುದಿಲ್ಲ. ನಮ್ಮ ಹೆಡ್ ಸಿಸ್ಟರ್ ಹೇಳಿದ್ದು ಇದು: “ಈ ವಾರ್ಡಿನ ಸಿಸ್ಟರ್ ಇವರೇ. ಇಂಜೆಕ್ಷನ್ ಇವರೇ ಕೊಡುತ್ತಾರೆ.” ಅಷ್ಟೇ. ಬೈಗುಳವಿಲ್ಲ, ಉಪದೇಶವಿಲ್ಲ, ವಾದಕ್ಕೆ ಎಡೆಯಿಲ್ಲ. ದಖ್ಖನಿ ಮಾತನಾಡುವ ಸಿಸ್ಟರ್ ಒಬ್ಬರು ಅದನ್ನೇ ತಮ್ಮ ಭಾಷೆಯಲ್ಲಿ ಹೇಳಿದರು, ಇನ್ನೊಬ್ಬರು ತೆಲುಗಿನಲ್ಲಿ, ಮರಾಠಿಯಲ್ಲಿ. ನಮ್ಮ ವಾರ್ಡುಗಳಲ್ಲಿ ನಾಲ್ಕೂ ಬೇಕು. ಇಪ್ಪತ್ತಾರು ಮಂದಿಯೂ ಒಬ್ಬೊಬ್ಬರಾಗಿ ಗಟ್ಟಿಯಾಗಿ ಹೇಳಿದೆವು. 600 ರೂಪಾಯಿ ಆ ಇಪ್ಪತ್ತು ನಿಮಿಷಕ್ಕೇ ಸಂದುಹೋಯಿತು. ಯೋಚಿಸಿ ಕಟ್ಟಿದ ವಾಕ್ಯ ಆ ಗಳಿಗೆಯಲ್ಲಿ ಬಾಯಿಗೆ ಬರುವುದಿಲ್ಲ, ಹೇಳಿ ಹೇಳಿ ನಾಲಿಗೆಗೆ ರೂಢಿಯಾದದ್ದು ಬರುತ್ತದೆ. ಇಂಗ್ಲೆಂಡಿನಲ್ಲಿ 2020ರಿಂದ, ಸಿಬ್ಬಂದಿಯ ಮೇಲೆ ಜನಾಂಗೀಯ ನಿಂದನೆ ಮಾಡುವ ರೋಗಿಗೆ ತುರ್ತಲ್ಲದ ಚಿಕಿತ್ಸೆ ನಿರಾಕರಿಸುವ ಅವಕಾಶ ಆಸ್ಪತ್ರೆಗಳಿಗಿದೆ ಎಂದು ತರಬೇತುದಾರ್ತಿ ಹೇಳಿದರು. ನಮ್ಮಲ್ಲಿ ಅಂಥದೇನೂ ಬರೆದಿಟ್ಟಿಲ್ಲ. ಹಾಗಾಗಿ ಆ ಎರಡು ವಾಕ್ಯಗಳೇ ಸದ್ಯಕ್ಕೆ ನಮ್ಮ ನಿಯಮ.

ಮೊದಲ ದಿನ ಐದೂವರೆಗೆ ಮುಗಿಯಿತು. ಮೂರೂವರೆ ಗಂಟೆಯಲ್ಲಿ ಜಾತಿ ಎಂಬ ಪದ ಒಂದು ಸಲವೂ ಬರಲಿಲ್ಲ.

ಪ್ರಶ್ನೆಗಳಿವೆಯೇ ಎಂದು ಕೇಳಿದಾಗ ಎದ್ದು ಕೇಳಿದವರು ಚಿತ್ತಾಪುರದ ಒಬ್ಬ ಕಿರಿಯ ಸಿಸ್ಟರ್: “ಮೇಡಂ, ನಮ್ಮ ಹಾಸ್ಟೆಲಿನಲ್ಲಿ ನನ್ನ ಲೋಟ ಬೇರೆ ಇಡುತ್ತಾರೆ. ಅದು ನೀವು ಹೇಳಿದ್ದರಲ್ಲಿ ಬರುತ್ತದೆಯೋ ಇಲ್ಲವೋ?” ತರಬೇತುದಾರರು ಒಬ್ಬರ ಮುಖ ಒಬ್ಬರು ನೋಡಿದರು. ಮುಂದಿನ ವಾರ ಅದಕ್ಕೇ ಸಮಯ ಕೊಡುತ್ತೇವೆ ಎಂದರು. ಕಲಬುರಗಿಯ ಆಸ್ಪತ್ರೆಗೆ ಬಂದು ಬರೀ ವಿನಿಪೆಗ್‌ನ ಕಥೆ ಹೇಳಿದರೆ ನಾವು ಕಣ್ಣೀರು ಹಾಕಿ ಮನೆಗೆ ಹೋಗುತ್ತೇವೆ. ಆ ಲೋಟ ಇದ್ದಲ್ಲೇ ಇರುತ್ತದೆ. ನಾನು ಅವತ್ತೇ ಅಂಕ ಕೊಟ್ಟಿದ್ದರೆ ಐದಕ್ಕೆ ಎರಡು ಕೊಡುತ್ತಿದ್ದೆ.

ಎರಡನೆಯ ಶನಿವಾರಕ್ಕೆ ಅವರು ಹೇಳಿದ ಮಾತಿನಂತೆ ಬಂದರು. ಪರದೆಯೇ ಇರಲಿಲ್ಲ. ಮುಂಬಯಿಯ ಡಾ. ಪಾಯಲ್ ತಡವಿಯ ವಿಷಯದಿಂದ ಶುರುಮಾಡಿದರು: ತಡವಿ ಭಿಲ್ಲ ಸಮುದಾಯದ ಯುವವೈದ್ಯೆ, ಸ್ತ್ರೀರೋಗ ವಿಭಾಗದಲ್ಲಿ ಸ್ನಾತಕೋತ್ತರ ಓದುತ್ತಿದ್ದವರು, 2019ರ ಮೇ 22ರಂದು ಪ್ರಾಣ ಕಳೆದುಕೊಂಡರು, ಜಾತಿ ಹಿಡಿದು ಕಿರುಕುಳ ಕೊಟ್ಟ ಆರೋಪ ಮೂವರು ಹಿರಿಯ ಸಹೋದ್ಯೋಗಿಗಳ ಮೇಲೆ ದಾಖಲಾಯಿತು. ಆ ವಿಭಾಗದಲ್ಲಿ ಎಷ್ಟು ಜನ ನಡೆದಾಡುತ್ತಿದ್ದರು, ಎಷ್ಟು ಜನರ ಕಿವಿಗೆ ಏನೇನು ಬಿದ್ದಿರಬಹುದು ಎಂದು ತರಬೇತುದಾರ್ತಿ ಕೇಳಿ ಸುಮ್ಮನಾದರು. ನಮ್ಮೂರಿನ ಒಂದು ನೆನಪೂ ಆಗ ಎದ್ದು ಬಂತು. ದೇಶದ ಮೊದಲ ಕೋವಿಡ್ ಸಾವು ಕಲಬುರಗಿಯದು, 2020ರ ಮಾರ್ಚ್ 10. ಆ ದಿನಗಳಲ್ಲಿ ಕಲಬುರಗಿಯವರೆಂದರೆ ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಾಗುತ್ತಿತ್ತು. ಅದೇ ವರ್ಷ ಈಶಾನ್ಯದ ಸಿಸ್ಟರ್‌ಗಳನ್ನು ಊರೂರಿನಲ್ಲಿ ‘ಕೊರೊನಾ’ ಎಂದು ಕೂಗಿದರು. ಕೊಲ್ಕತ್ತದಿಂದ ನೂರಾರು ಮಣಿಪುರಿ ನರ್ಸ್‌ಗಳು ಕೆಲಸ ಬಿಟ್ಟು ಊರಿಗೆ ಮರಳಿದರು.

ಕಾನೂನಿನ ಭಾಗಕ್ಕೆ ಸ್ಥಳೀಯ ವಕೀಲರೊಬ್ಬರನ್ನು ಕರೆಸಿದ್ದರು, ಒಂದು ಗಂಟೆ. ಇಷ್ಟು ಉಪಯುಕ್ತವಾದ ಒಂದು ಗಂಟೆ ನಾನು ಇತ್ತೀಚೆಗೆ ಎಲ್ಲೂ ಕಳೆದಿಲ್ಲ. 1989ರ ದೌರ್ಜನ್ಯ ತಡೆ ಕಾಯ್ದೆಯ ಹೆಸರು ಎಲ್ಲರಿಗೂ ಗೊತ್ತು. ಆದರೆ ಪರಿಶಿಷ್ಟ ಜಾತಿ, ಪಂಗಡದವರನ್ನು ಅವಮಾನಿಸುವ, ಜಾತಿ ಹೆಸರಿನಿಂದ ನಿಂದಿಸುವ ಅಪರಾಧಕ್ಕೆ ಅದರ 3ನೇ ಕಲಮಿನಲ್ಲಿ ಒಂದು ಷರತ್ತಿದೆ: ಅದು ಸಾರ್ವಜನಿಕರ ಕಣ್ಣಿಗೆ ಬೀಳುವ ಸ್ಥಳದಲ್ಲಿ ನಡೆದಿರಬೇಕು. ನಾಲ್ಕು ಗೋಡೆಯೊಳಗೆ, ಹೊರಗಿನವರು ಯಾರೂ ಇಲ್ಲದಾಗ ಆಡಿದ ಮಾತು ಆ ಕಲಮಿನಡಿ ನಿಲ್ಲುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಹಾಗಾದರೆ ಕೇಳಿಸಿಕೊಂಡವರು ಯಾರಿದ್ದರು ಎಂಬುದರ ಮೇಲೆಯೇ ಪ್ರಕರಣ ನಿಲ್ಲುತ್ತದೆ, ಬೀಳುತ್ತದೆ. ಟ್ರೇ ಹಿಡಿದು ನಿಂತವಳು ಬರೀ ನೋಡುವವಳಲ್ಲ, ಸಾಕ್ಷಿ. ನಮ್ಮ ರಾಜ್ಯದಲ್ಲಿ ಲಂಬಾಣಿಗರು ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿದ್ದಾರೆ. ಅಜ್ಜಿ ಅಂದು ದೂರು ಕೊಟ್ಟಿದ್ದರೆ ಪೊಲೀಸರು ಹುಡುಕಿಕೊಂಡು ಬರಬೇಕಾಗಿದ್ದುದು ಹತ್ತಿ ಎಣಿಸುತ್ತಿದ್ದ ನನ್ನನ್ನು. ಸಾಕ್ಷಿಗಳ ರಕ್ಷಣೆಗೆ ಅದೇ ಕಾಯ್ದೆಯಲ್ಲಿ 15ಎ ಕಲಮು ಇದೆ ಎಂಬುದೂ, ಸಹಾಯವಾಣಿಯ ಸಂಖ್ಯೆ 14566 ಎಂಬುದೂ ಅಂದೇ ತಿಳಿದದ್ದು. ಸಂಖ್ಯೆಯನ್ನು ನಮ್ಮ ಡ್ಯೂಟಿ ರೂಮಿನ ಕ್ಯಾಲೆಂಡರಿನ ಮೇಲೆ ಬರೆದಿದ್ದೇನೆ.

ಎರಡನೆಯ ದಿನವೂ ಉತ್ತರ ಸಿಗದ ಒಂದು ಪ್ರಶ್ನೆ ಉಳಿಯಿತು: ಹೀಯಾಳಿಸಿದವರು ಸರ್ಜನ್ ಆಗಿದ್ದರೆ? “ಇನ್ನೊಬ್ಬರನ್ನು ಕರೆ” ಎನ್ನುತ್ತದೆ ಹಲಗೆ. ಯಾರನ್ನು ಕರೆಯಬೇಕು? ಸಿಬ್ಬಂದಿ ವಿಭಾಗಕ್ಕೆ ತಿಳಿಸಿ ಎಂದರು ಯುವಕ. ಬಹಳಷ್ಟು ಖಾಸಗಿ ಆಸ್ಪತ್ರೆಗಳಲ್ಲಿ ಸಿಬ್ಬಂದಿ ವಿಭಾಗವೆಂದರೆ ಹಾಜರಿ ಮತ್ತು ಸಂಬಳ ನೋಡುವ ಒಬ್ಬರೇ ಒಬ್ಬ ಗುಮಾಸ್ತ. ಕೆಲಸ ಕಳೆದುಕೊಳ್ಳುವ ಭಯ ಇರುವವರಿಗೆ ಧೈರ್ಯ ಕಲಿಸಿ ಕಳಿಸುವುದು ಸಾಲದು. ಗುಂಪಿನಲ್ಲಿದ್ದ ಒಬ್ಬರೇ ಡಾಕ್ಟರ್ ಆಗ ಎದ್ದು, “ಇಲ್ಲಿ ನಿಮ್ಮ ಬದಲು ನಾವು ಇಪ್ಪತ್ತು ಡಾಕ್ಟರುಗಳು ಕುಳಿತಿರಬೇಕಿತ್ತು” ಎಂದರು. ನನ್ನ ಅಭಿಪ್ರಾಯವೂ ಅದೇ. ಈ ತರಬೇತಿಯನ್ನು ಮೇಲಿನಿಂದ ಕೆಳಕ್ಕೆ ಕೊಡಬೇಕು.

ಇನ್ನೂ ದೊಡ್ಡ ಕೊರತೆ, ಆಯಾಗಳು, ವಾರ್ಡ್ ಬಾಯ್‌ಗಳು, ಗೇಟಿನ ವಾಚ್‌ಮನ್‌ಗಳು ಯಾರೂ ಅಲ್ಲಿರಲಿಲ್ಲ. ಗುತ್ತಿಗೆಯವರೆಂದು ಅವರ ಹೆಸರೇ ಕಳಿಸಿರಲಿಲ್ಲ. ಆಸ್ಪತ್ರೆಯಲ್ಲಿ ಅತಿ ಹೆಚ್ಚು ಮಾತು ಕೇಳುವವರು ಅವರು, ರೋಗಿಗೆ ಮೊದಲು ಎದುರಾಗುವವರೂ ಅವರೇ. ಬೆಡ್‌ಪ್ಯಾನ್ ಎತ್ತುವ ಕೆಲಸ ಯಾರ ಪಾಲಿಗೆ ಬರುತ್ತದೆ, ಯಾಕೆ ಬರುತ್ತದೆ ಎಂಬ ಮಾತು ಆಡದೆ ಆಸ್ಪತ್ರೆಯ ಭೇದಭಾವದ ಬಗ್ಗೆ ಏಳು ಗಂಟೆ ಕಳೆದೆವು.

ಈಗ ತರಬೇತಿ ಮುಗಿದು ಏಳು ವಾರ. ಏನಾದರೂ ಬದಲಾಯಿತೇ ಎಂದು ನೀವು ಕೇಳುತ್ತೀರಿ.

ಮೊದಲು ನಮ್ಮ ಬ್ರದರ್ ಬಳಿ ಹೋದೆ. ನವೆಂಬರ್ ರಾತ್ರಿಯ ಮಾತು ಎತ್ತಿದೆ. ಅವರಿಗೆ ನೆನಪೇ ಇರಲಿಲ್ಲ. “ಹಾಗೆ ಅಂದೆನಾ?” ಎಂದು ಎರಡು ಸಲ ಕೇಳಿದರು, ಸುಳ್ಳಲ್ಲ, ನಿಜವಾಗಿಯೂ ಮರೆತಿದ್ದರು. ಅಜ್ಜಿ ಮರೆತಿರುವುದಿಲ್ಲ ಎಂದೆ. ಅವರು ಉತ್ತರಿಸಲಿಲ್ಲ. ಮರುವಾರ ತಾಂಡಾದ ಇನ್ನೊಬ್ಬ ಹೆಂಗಸಿಗೆ ಕ್ಯಾನುಲಾ ಹಾಕುವಾಗ ಬಳೆಗಳನ್ನು ಕೈಯಲ್ಲಿ ಮೆಲ್ಲಗೆ ಮೇಲಕ್ಕೆ ಸರಿಸಿ, ಬ್ಯಾಂಡೇಜ್ ಬಟ್ಟೆಯಿಂದ ತೋಳಿಗೆ ಸಡಿಲವಾಗಿ ಕಟ್ಟಿದ್ದನ್ನು ನೋಡಿದೆ.

ಇನ್ನೊಂದು ಮೇ ತಿಂಗಳ ಮಧ್ಯಾಹ್ನ, ಹೊರಗೆ ಬೆಂಕಿಯಂಥ ಬಿಸಿಲು. ತುರ್ತು ವಿಭಾಗದ ಬಾಗಿಲ ಬಳಿಯ ಕುರ್ಚಿಯಲ್ಲಿ ಯಾದಗಿರಿ ಕಡೆಯ ಒಬ್ಬ ಕೂಲಿಯಾಳು ಕುಳಿತಿದ್ದ. ಬೆವರು ಸುರಿಯುತ್ತಿತ್ತು, ಮಾತು ತೊದಲುತ್ತಿತ್ತು. “ಕಲ್ಲು ಒಡೆಯುವ ಜನ, ಬೆಳಗ್ಗೆಯೇ ಏರಿಸಿರುತ್ತಾರೆ. ಇಳಿಯಲಿ ಬಿಡಿ” ಎಂದರು ಕೌಂಟರಿನಲ್ಲಿದ್ದವರು. ಇಬ್ಬರು ತಲೆಯಾಡಿಸಿದರು. ನನಗೆ ಆ ಗಾಲಿಕುರ್ಚಿಯ 34 ಗಂಟೆ ನೆನಪಾಯಿತು. “ಕುಡಿದಿದ್ದಾನೋ ಇಲ್ಲವೋ ಮೀಟರ್ ಹೇಳಲಿ” ಎಂದೆ, ಗಟ್ಟಿಯಾಗಿ, ಎಲ್ಲರಿಗೂ ಕೇಳುವ ಹಾಗೆ. ಬೆರಳಿಗೆ ಚುಚ್ಚಿ ಸ್ಟ್ರಿಪ್ ಹಾಕಿದೆ. ರಕ್ತದಲ್ಲಿ ಸಕ್ಕರೆ 46, ತೀರ ಕಡಿಮೆ. ಡ್ಯೂಟಿ ಡಾಕ್ಟರನ್ನು ಕರೆದು ಸಕ್ಕರೆಯ ದ್ರವ ಡೆಕ್ಸ್‌ಟ್ರೋಸ್ ಏರಿಸಿದ ಮೇಲೆ ಸ್ವಲ್ಪ ಹೊತ್ತಿನಲ್ಲೇ ಎದ್ದು ಕುಳಿತು ತನ್ನ ಚಪ್ಪಲಿ ಎಲ್ಲಿ ಎಂದು ಕೇಳಿದ. ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿ ಊಟ ಮಾಡದೆ ಬಂದಿದ್ದ. ಕೌಂಟರಿನವರು ಸಂಜೆ ಬಂದು “ಸಿಸ್ಟರ್, ನನಗೆ ಗೊತ್ತಾಗಲಿಲ್ಲ” ಎಂದರು. ನೋಟ್‌ಬುಕ್ಕಿನಲ್ಲಿ ಅದನ್ನೂ ಬರೆದಿದ್ದೇನೆ, ಮೊದಲು ಆಡಿದ ಮಾತಿನ ಕೆಳಗೇ.

ಎರಡನೆಯ ದಿನಕ್ಕೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಹೋಗಿ, ಖಂಡಿತ ಹೋಗಿ, ಆದರೆ ಒಂದೇ ದಿನದ ಕಾರ್ಯಕ್ರಮವಾದರೆ ಬೇಡವೆನ್ನಿ. ನಡುವೆ ಒಂದು ವಾರ ವಾರ್ಡಿನಲ್ಲಿ ಕಳೆದು ಬಂದಿದ್ದರಿಂದಲೇ ನಮ್ಮ ಪ್ರಶ್ನೆಗಳು ಹರಿತವಾದವು. ವಕೀಲರು ಬರುತ್ತಾರೆಯೇ ಎಂದು ಮೊದಲೇ ವಿಚಾರಿಸಿ. ಹಾಳೆಗಳು ಕನ್ನಡದಲ್ಲಿ ಬೇಕೆಂದು ಕೇಳಿ. ನೈಟ್ ಡ್ಯೂಟಿ ಮುಗಿಸಿ ನೇರ ಹೋಗಬೇಡಿ, ಮಧ್ಯಾಹ್ನದ ಸೆಕೆಗೆ ಕಣ್ಣು ಎಳೆಯುತ್ತದೆ. ಪ್ರಮಾಣಪತ್ರ ಕೊಡುತ್ತಾರೆ, ಚಹಾ ಚೆನ್ನಾಗಿತ್ತು, ಊಟ ಇರುವುದಿಲ್ಲ.

ಮುಂದಿನ ತಂಡ ಆಗಸ್ಟ್‌ನಲ್ಲಿ. ನಮ್ಮ ವಾರ್ಡಿನ ಹನ್ನೊಂದು ಆಯಾಗಳ ಹೆಸರು ಸೇರಿಸಿ, ಅವರ ಶುಲ್ಕವನ್ನು ಆಸ್ಪತ್ರೆಯೇ ಭರಿಸಬೇಕೆಂದು ಅರ್ಜಿ ಬರೆದು ಕಳೆದ ಸೋಮವಾರ ಕೊಟ್ಟಿದ್ದೇನೆ. ಹೆಸರು ಬರೆಸುವಾಗ ನಮ್ಮ ಹಿರಿಯ ಆಯಾ ಎರಡು ಪ್ರಶ್ನೆ ಕೇಳಿದಳು. ಆ ದಿನದ ಪಗಾರ ಹಿಡಿಯುತ್ತಾರೆಯೇ? ಅಲ್ಲಿ ನಮಗೂ ಕುರ್ಚಿ ಹಾಕುತ್ತಾರೆಯೇ? ಎರಡನ್ನೂ ಅರ್ಜಿಯ ಕೊನೆಯಲ್ಲಿ ಸೇರಿಸಿದೆ. ಇನ್ನೂ ಉತ್ತರ ಬಂದಿಲ್ಲ.